ಸಾಹೇಬರ ಕುಂಡದ ಅಳತೆ

ಗಿಡಗಳು ಇದ್ದದ್ದು ಹುರಿಗಡಲೆ ಗಾತ್ರ. ಅದರಲ್ಲೂ ಎರಡು ಹುರಿಗಡಲೆಗಿಂತ ಸಣ್ಣವು. ಇಷ್ಟು ಸಣ್ಣ ವಸ್ತುವಿನಿಂದ ಇಷ್ಟು ದೊಡ್ಡ ಫಜೀತಿ ಹುಟ್ಟಬಹುದು ಅಂತ ಗುಮಾಸ್ತ ಮುಬಾರಕ್‌ಗೆ ಆ ಗುರುವಾರ ಬೆಳಿಗ್ಗೆ ಒಂಬತ್ತೂವರೆಯ ತನಕ ಕನಸಿನಲ್ಲೂ ಹೊಳೆದಿರಲಿಲ್ಲ.

ಮುಬಾರಕ್ ಕೆಲಸಕ್ಕಿದ್ದದ್ದು ನ್ಯಾಮತಿಯಿಂದ ಗೋವಿನಕೋವಿಯ ಕಡೆ ಹೋಗುವ ದಾರಿಯ ಒಂದು ಪ್ರೌಢಶಾಲೆಯಲ್ಲಿ. ಹೆಂಡತಿ ಅರ್ಷಿಯಾ ಜಗಳೂರಿನಲ್ಲಿ ನರ್ಸು. ಮದುವೆಯಾಗಿ ಎರಡು ವರ್ಷವಾಗಿದ್ದರೂ ಇಬ್ಬರೂ ಒಟ್ಟಿಗೆ ಕಂಡದ್ದು ಬರೀ ಭಾನುವಾರಗಳನ್ನು. ಶನಿವಾರ ಶಾಲೆ ಬಿಟ್ಟ ಕೂಡಲೇ ಅವನು ಬಸ್ಸು ಹತ್ತಿ, ಹೊನ್ನಾಳಿಯಲ್ಲಿ ಇಳಿದು ಹತ್ತಿ, ದಾವಣಗೆರೆಯಲ್ಲಿ ಇಳಿದು ಹತ್ತಿ, ಜಗಳೂರು ಮುಟ್ಟುವಷ್ಟರಲ್ಲಿ ಎಷ್ಟೋ ಸಲ ಅರ್ಷಿಯಾ ಡ್ಯೂಟಿಗೆ ಹೊರಟು ನಿಂತಿರುತ್ತಿದ್ದಳು. ಗಂಡ ಹೆಂಡಿರ ಭೇಟಿ ಎರಡು ಬಸ್ಸುಗಳು ಎದುರುಬದುರಾಗಿ ಹಾರನ್ ಹೊಡೆದು ಹೋದಷ್ಟೇ.

ಹೋದ ವರ್ಷ ಅವಳೇ ಅವನ ಕೈಗೆ ಒಂದು ಸಣ್ಣ ಪೊಟ್ಟಣ ಕೊಟ್ಟಿದ್ದಳು. ಸಕ್ಯುಲೆಂಟ್ ಗಿಡಗಳ ಬೀಜ. "ರೂಮಿನಾಗೆ ಒಬ್ರೇ ಇರ್ತೀರಿ. ಜೊತೆಗೆ ಇವಾದ್ರೂ ಇರ್ಲಿ" ಅಂದಿದ್ದಳು. ಬೀಜವೋ ನಶ್ಯದ ಪುಡಿಯ ಹಾಗೆ; ಒಂದು ಸೀನು ಬಂದಿದ್ದರೆ ಇಡೀ ತೋಟವೇ ಕಿಟಕಿಯಾಚೆ ಹಾರಿಹೋಗುತ್ತಿತ್ತು. ಮುಬಾರಕ್ ಮೂಗು ಹಿಡಿದುಕೊಂಡೇ ಅವನ್ನು ಮಿಠಾಯಿ ಡಬ್ಬಿಯ ಮುಚ್ಚಳದಲ್ಲಿ ಬಿತ್ತಿದ್ದ. ಹನ್ನೊಂದು ತಿಂಗಳು ಹನಿ ಹನಿ ನೀರು ಚಿಮುಕಿಸಿ ಸಾಕಿದ ಮೇಲೆ ಏಳು ಉಳಿದಿದ್ದವು. ದಪ್ಪ ದಪ್ಪ ಎಲೆ, ಹಸುಗೂಸಿನ ಬೆರಳಿನ ಹಾಗೆ. ಈಗ ಮುಚ್ಚಳದಲ್ಲಿ ಜಾಗ ಸಾಲದೆ ಒಂದನ್ನೊಂದು ತಳ್ಳಾಡುತ್ತಿದ್ದವು. ಒಂದೊಂದಕ್ಕೂ ಬೇರೆ ಕುಂಡ ಬೇಕಿತ್ತು. ಯಾವ ಕುಂಡ ಎನ್ನುವುದು ಒಂದು ವಾರದಿಂದ ಗಂಡ ಹೆಂಡಿರ ಫೋನಿನ ಮುಖ್ಯ ವಿಷಯ. "ಗಿಡಕ್ಕಿಂತ ಒಂದು ಬೆರಳು ಅಗಲ, ಅಷ್ಟೇ. ದೊಡ್ಡದಕ್ಕೆ ಹಾಕಿದ್ರೆ ಮಣ್ಣಿನಾಗೆ ನೀರು ನಿಲ್ತೈತೆ, ಬೇರು ಕೊಳೀತೈತೆ" ಅನ್ನುವುದು ಅರ್ಷಿಯಾಳ ಕಟ್ಟಾಜ್ಞೆ.

ಹೀಗಿರುವಾಗ ಆ ಗುರುವಾರ ಬಂತು. ಶಾಲೆಯ ಹೊಸ ವಾಚನಾಲಯದ ಉದ್ಘಾಟನೆ. ಮಧ್ಯಾಹ್ನ ಮೂರು ಗಂಟೆಗೆ ಇಲಾಖೆಯ ದೊಡ್ಡ ಸಾಹೇಬರು ಮುತ್ತುರಾಜ್ ಅವರೇ ಬರುವವರಿದ್ದರು. ಮುಬಾರಕ್ ಜಗಳೂರಿಗೆ ವರ್ಗಾವಣೆ ಕೇಳಿ ಬರೆದ ಮೂರನೇ ಅರ್ಜಿ ಅಂಗಿಯ ಜೇಬಿನಲ್ಲಿ ಮಡಿಸಿಕೊಂಡು ಕೂತಿತ್ತು. ಸಾಹೇಬರು ಅದರ ಮೇಲೆ ಒಂದೇ ಒಂದು ಸಾಲು ಶಿಫಾರಸು ಬರೆದರೆ ಸಾಕು. "ಅವ್ರು ಖುಷಿಯಾಗಿರೋ ಹೊತ್ತು ನೋಡಿ ನಾನೇ ಸನ್ನೆ ಮಾಡ್ತೀನಿ, ಕೊಟ್ಟುಬಿಡು" ಎಂದು ಹೆಡ್‌ಮಾಸ್ತರು ತಿಪ್ಪೇರುದ್ರಸ್ವಾಮಿ ಮಾತು ಕೊಟ್ಟಿದ್ದರು.

ಒಂಬತ್ತೂವರೆಗೆ ಅದೇ ಹೆಡ್‌ಮಾಸ್ತರು ಫೋನು ಕೈಯಲ್ಲಿ ಹಿಡಿದು, ಕಾದ ಹೆಂಚಿನ ಮೇಲೆ ನಿಂತವರ ಹಾಗೆ ಆಫೀಸಿಗೆ ಬಂದರು.

"ಸಾಹೇಬ್ರು ಹಾರ ಹಾಕಿಸ್ಕಣದಿಲ್ವಂತೆ ಕಣ್ರೀ! ಶಾಲು ಬ್ಯಾಡ, ಹಣ್ಣಿನ ಬುಟ್ಟಿ ಬ್ಯಾಡ. ಗಿಡ ಕೊಟ್ರೆ ಮಾತ್ರ ತಗಂತಾರಂತೆ. ಈಗ ಹೇಳ್ತಾರೆ! ನಾನು ಗಿಡ ಎಲ್ಲಿಂದ ತರ್ಲಿ?"

ದೈಹಿಕ ಶಿಕ್ಷಕ ಓಬಳೇಶ್ ಕಿಟಕಿಯಾಚೆ ಕೈ ತೋರಿಸಿದರು. "ಮುಂದಿರೋ ಕ್ರೋಟನ್ ಕಿತ್ತು ಕೊಟ್ರೆ ಹೆಂಗೆ ಸಾರ್?"

"ಅದು ಹಿಂದಿನ ಸಾಹೇಬ್ರು ನೆಟ್ಟಿದ್ದು ಕಣ್ರೀ!"

ಬಾಯಿ ಎನ್ನುವುದು ಮನುಷ್ಯನ ಬುದ್ಧಿಗಿಂತ ಯಾವಾಗಲೂ ಎರಡು ಹೆಜ್ಜೆ ಮುಂದೆ. ಮುಬಾರಕ್‌ನ ಬಾಯಿ ತೆರೆದುಕೊಂಡಿತು. "ಸಾರ್, ನನ್ನ ರೂಮಿನಾಗೆ ಏಳು ಗಿಡ ಅದಾವೆ."

ಹೆಡ್‌ಮಾಸ್ತರು ಅವನನ್ನು ಗುಡಿಯ ದೇವರನ್ನು ನೋಡುವ ಹಾಗೆ ನೋಡಿದರು. ಹದಿನೈದು ನಿಮಿಷದಲ್ಲಿ ಮುಬಾರಕ್ ಬೈಕಿನಲ್ಲಿ ರೂಮಿಗೆ ಹೋಗಿ, ಮಿಠಾಯಿ ಮುಚ್ಚಳವನ್ನು ಎದೆಗೊತ್ತಿಕೊಂಡು ವಾಪಸು ಬಂದ. ಮೇಜಿನ ಮೇಲೆ ಇಟ್ಟ.

ಹೆಡ್‌ಮಾಸ್ತರು ಕನ್ನಡಕ ಹಾಕಿಕೊಂಡರು. ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಎಲ್ರೀ ಗಿಡ?"

"ಇವೇ ಸಾರ್."

"ಇವು ಇನ್ನೂ ಬೀಜಾನೋ, ಗಿಡಾನೋ?"

ಬಿಸಿಯೂಟದ ಅಡುಗೆಯ ಸಾವಂತ್ರಮ್ಮ ಚಹಾ ತಂದವಳು ಲೋಟ ಇಟ್ಟು ಬಗ್ಗಿ ನೋಡಿದಳು. "ಅಯ್ಯ, ಕಳ್ಳಿ ಅಲ್ವೇನಪ್ಪ ಇದು? ದೊಡ್ಡೋರ ಕೈಯಾಗೆ ಯಾರಾದ್ರೂ ಕಳ್ಳಿ ಕೊಡ್ತಾರಾ?"

"ಕಳ್ಳಿ ಅಲ್ಲಮ್ಮ. ಸಕ್ಯುಲೆಂಟ್."

"ಏನಂದೆ? ಸಕ್ರೆ ಲೋಟ?"

"ಎಂಥದೋ ಒಂದು, ಗಿಡ ಅಂತ ಆದ್ರೆ ಸಾಕು" ಎಂದು ಹೆಡ್‌ಮಾಸ್ತರು ಮಾತು ಮುಗಿಸಿದರು. "ವೇದಿಕೆ ಮ್ಯಾಲೆ ಮೂರು ಜನ ಅತಿಥಿಗಳು. ಮೂರು ಗಿಡ. ಕುಂಡಕ್ಕೆ ಹಾಕಿ ರೆಡಿ ಮಾಡು."

ಮುಬಾರಕ್ ಹೆಬ್ಬೆರಳು ತೋರುಬೆರಳು ಸೇರಿಸಿ ಒಂದು ಸಣ್ಣ ಉಂಗುರ ಮಾಡಿ ತೋರಿಸಿದ. "ಇಷ್ಟು ಅಗಲದ ಮೊಸರಿನ ಕುಡಿಕೆ ಸಾಕು ಸಾರ್."

"ರೀ ಮುಬಾರಕ್! ಸಾಹೇಬ್ರ ಕೈಗೆ ಕುಡಿಕೆ ಕೊಟ್ಟು, ಅವ್ರು ಅದನ್ನ ತೀರ್ಥ ಅಂತ ಕುಡಿದುಬಿಟ್ರೆ? ದೊಡ್ಡ ಮನುಷ್ಯರಿಗೆ ದೊಡ್ಡ ಕುಂಡ ಇರ್ಬೇಕು."

"ದೊಡ್ಡದರಾಗೆ ಬೇರು ಕೊಳೆತು ಹೋಗ್ತೈತೆ ಸಾರ್."

"ಕೊಳೆಯಾಕೆ ಎಷ್ಟು ದಿನ ಬೇಕು?"

"ಹದಿನೈದು ದಿನ."

"ಸಾಹೇಬ್ರು ಇಲ್ಲಿ ಇರೋದು ಎರಡು ತಾಸು."

ಓಬಳೇಶ್ ಮಾಸ್ತರು ಉದ್ದ ಜಿಗಿತದ ಟೇಪು ತಂದು ಮೇಜಿನ ಮೇಲೆ ಬಿಚ್ಚಿದರು. ಅವರಿಗೆ ಜಗತ್ತಿನಲ್ಲಿ ಎಲ್ಲವೂ ಅಳತೆಯೇ. ಸಾಹೇಬರಿಗೆ ಹನ್ನೆರಡು ಇಂಚು, ಶಾಲಾ ಅಭಿವೃದ್ಧಿ ಸಮಿತಿಯ ಅಧ್ಯಕ್ಷ ಚಿಕ್ಕಹನುಮಂತಪ್ಪನವರಿಗೆ ಹತ್ತು, ವಾಚನಾಲಯಕ್ಕೆ ಕಪಾಟು ದಾನ ಕೊಟ್ಟ ಚನ್ನಗಿರಿಯ ಹಾರ್ಡ್‌ವೇರ್ ಅಂಗಡಿಯ ಕೊಟ್ರೇಶ್ ಅವರಿಗೆ ಎಂಟು ಎಂದು ಚೀಟಿ ಬರೆದರು. ಮರ್ಯಾದೆಯನ್ನು ಇಂಚಿನಲ್ಲಿ ಇಷ್ಟು ಸಲೀಸಾಗಿ ಕತ್ತರಿಸಬಹುದು ಎಂದು ಅಲ್ಲಿಯವರೆಗೆ ಯಾರಿಗೂ ತಿಳಿದಿರಲಿಲ್ಲ.

ಸಾವಂತ್ರಮ್ಮನ ಮನೆಯೂ ಚಿಕ್ಕಹನುಮಂತಪ್ಪನವರ ಮನೆಯೂ ಒಂದೇ ಗೋಡೆ. ಅರ್ಧ ಗಂಟೆಯೊಳಗೆ ಅಧ್ಯಕ್ಷರು ಟವೆಲ್ಲು ಕೊಡವುತ್ತ ಆಫೀಸಿಗೆ ಬಂದರು.

"ಏನ್ ಹೆಡ್‌ಮಾಸ್ತರ್ರೆ, ನನ್ನ ಕುಂಡ ಎಷ್ಟು ಇಂಚು?"

"ಹತ್ತು. ಕೊಟ್ರೇಶ್ ಅವರಿಗಿಂತ ಎರಡು ಜಾಸ್ತಿನೇ ಐತೆ ಯಜಮಾನ್ರೆ."

ಅಧ್ಯಕ್ಷರು ತೃಪ್ತಿಯಿಂದ ಕೂತರು. ಅಷ್ಟರಲ್ಲಿ ಹೆಡ್‌ಮಾಸ್ತರ ಫೋನು ಹೊಡೆದುಕೊಂಡಿತು. ಚನ್ನಗಿರಿಯಿಂದ ಕೊಟ್ರೇಶ್. ಇದೇ ಊರಿನ ಅಳಿಯ ಅವರು, ಸುದ್ದಿ ಅತ್ತೆ ಮನೆಯ ದಾರಿಯಾಗಿ ಮುಟ್ಟಿತ್ತು. "ಕಪಾಟು ಕೊಟ್ಟೋನು ನಾನು. ಬರೀ ಕುರ್ಚಿ ಮ್ಯಾಲೆ ಕೂರೋರಿಗೆ ಹತ್ತು, ನಂಗೆ ಎಂಟಾ? ಹಂಗಾದ್ರೆ ನಾನು ಬರದಿಲ್ಲ, ಕಪಾಟಿನ ಬೀಗದ ಕೈನೂ ಬರದಿಲ್ಲ."

ಹೆಡ್‌ಮಾಸ್ತರ ಹಣೆಯಲ್ಲಿ ಬೆವರು ಮೂಡಿತು. ಆದರೆ ಇಪ್ಪತ್ತಾರು ವರ್ಷ ಸರ್ವೀಸಿನ ತಲೆ ಅದು. ಫೋನಿನ ಬಾಯಿ ಮುಚ್ಚಿ ಮುಬಾರಕ್‌ಗೆ ಪಿಸುಗುಟ್ಟಿದರು: "ಇಬ್ರಿಗೂ ಹತ್ತೇ ತಗಂಬಾ. ಒಂದು ಗುಂಡಗಿರೋದು, ಒಂದು ಚೌಕದ್ದು. ಯಾವುದು ದೊಡ್ಡದು ಅಂತ ಯಾವನಿಗೂ ಗೊತ್ತಾಗದಿಲ್ಲ."

ಹಾಜರಿ ಪುಸ್ತಕಕ್ಕೆ ಸಹಿ ಹಾಕಲು ಬಂದಿದ್ದ ಗಣಿತದ ಅಂಬಿಕಾ ಟೀಚರ್ ಪೆನ್ನು ಮುಚ್ಚುತ್ತ ಹೇಳಿದರು, "ಅಗಲ ಒಂದೇ ಇದ್ರೆ ಚೌಕದ್ದೇ ದೊಡ್ಡದು ಸಾರ್. ಮೂಲೆಗಳು ಜಾಸ್ತಿ ಬರ್ತಾವಲ್ಲ."

"ಟೀಚರ್, ನೀವು ಕ್ಲಾಸಿಗೆ ಹೋಗ್ರಿ!"

ತಡವಾಗಿತ್ತು. "ನಂಗೆ ಚೌಕದ್ದು" ಎಂದರು ಅಧ್ಯಕ್ಷರು. ಮುಚ್ಚಿದ ಬೆರಳುಗಳ ಸಂದಿಯಿಂದ ಚನ್ನಗಿರಿಯೂ ಕೂಗಿತು, "ನಂಗೂ ಚೌಕದ್ದೇ!"

ಹನ್ನೊಂದೂವರೆಗೆ ಮುಬಾರಕ್ ಮತ್ತು ಓಬಳೇಶ್ ಮಾಸ್ತರು ನ್ಯಾಮತಿ ಬಸ್ ಸ್ಟ್ಯಾಂಡ್ ಹತ್ತಿರದ ಗಾದ್ರಮ್ಮನ ಮಡಕೆ ಅಂಗಡಿಯ ಮುಂದೆ ಬೈಕು ನಿಲ್ಲಿಸಿದರು. ಗಾದ್ರಮ್ಮ ಎಪ್ಪತ್ತು ದಾಟಿದ ಮುದುಕಿ. ಮಡಕೆ ಕೊಳ್ಳುವವರನ್ನೂ ಮಡಕೆಯ ಹಾಗೆಯೇ ಬೆರಳಿನಿಂದ ಬಡಿದು ನೋಡುವ ಸ್ವಭಾವ.

"ಹನ್ನೆರಡು ಇಂಚಿನ ಗುಂಡು ಕುಂಡ ಒಂದು, ಹತ್ತು ಇಂಚಿನ ಚೌಕದ್ದು ಎರಡು" ಎಂದು ಓಬಳೇಶ್ ಚೀಟಿ ಓದಿದರು.

"ಏನು ಹಾಕ್ತೀರಿ? ಮಾವಿನ ಸಸಿನಾ?"

ಮುಬಾರಕ್ ಅಳತೆಗೆಂದು ಒಂದು ಗಿಡವನ್ನು ಬೆಂಕಿಪೊಟ್ಟಣದಲ್ಲಿ ತಂದಿದ್ದ. ಪೊಟ್ಟಣ ತೆರೆದು ತೋರಿಸಿದ. ಗಾದ್ರಮ್ಮ ಕನ್ನಡಕ ಹಣೆಗೇರಿಸಿ, ಪೊಟ್ಟಣವನ್ನು ಮೂಗಿನ ತುದಿಗೆ ಹಿಡಿದು, ಗಹಗಹಿಸಿ ನಕ್ಕಳು.

"ಈ ಕೂಸಿಗೆ ಹನ್ನೆರಡು ಇಂಚಾ! ಮಗೀಗೆ ಅದರ ಅಪ್ಪನ ಪಂಚೆ ಉಡಿಸ್ದಂಗೆ ಆತು. ಯಾವನಪ್ಪ ಹೇಳ್ದೋನು?"

"ಹೆಡ್‌ಮಾಸ್ತರು."

"ಅವ್ರಿಗೆ ಮಕ್ಕಳಿಲ್ವಾ?"

ಮುಬಾರಕ್‌ಗೆ ಆ ಮುದುಕಿಯ ಕಾಲು ಮುಟ್ಟಿ ನಮಸ್ಕರಿಸೋಣ ಅನ್ನಿಸಿತು. ಬೆಳಗಿನಿಂದ ಗಿಡದ ಪರವಾಗಿ ಮಾತಾಡಿದ ಮೊದಲ ಜೀವ ಅದು. ಅವನು ತನ್ನ ಕಷ್ಟವನ್ನೆಲ್ಲ ಹೇಳಿಕೊಂಡ. ವರ್ಗಾವಣೆಯ ಅರ್ಜಿಯಿಂದ ಹಿಡಿದು ಅಂಬಿಕಾ ಟೀಚರ ಮೂಲೆಗಳ ತನಕ. ಗಾದ್ರಮ್ಮ ಎದ್ದು ಹೋಗಿ ಮೂರು ಮೊಸರಿನ ಕುಡಿಕೆ ಹುಡುಕಿ ತಂದಳು. ತಲೆಕೆಳಗು ಮಾಡಿ, ಮೊಳೆ ಇಟ್ಟು, ಕಲ್ಲಿನಿಂದ ಕುಟ್ಟಿ ತಳಕ್ಕೆ ತೂತು ಹಾಕಿದಳು. ಒಂದೂ ಒಡೆಯಲಿಲ್ಲ.

"ಅಗಲ ಬಾಯಿ, ಗಿಡ್ಡ ಹೊಟ್ಟೆ, ತಳಕ್ಕೊಂದು ತೂತು. ಇದರ ಮನಿ ಅಂದ್ರೆ ಇಷ್ಟೇ ಕಣಪ್ಪ. ನಿಮ್ಮ ದೊಡ್ಡೋರಿಗೆ ದೊಡ್ಡ ಕುಂಡನೂ ಒಯ್ಯಿ. ಅದಕ್ಕೆ ಮಣ್ಣು ತುಂಬಿ, ನಡುವೆ ಈ ಕುಡಿಕೆ ಹೂಳು. ಮನಿಗೆ ಹೋದ ಮ್ಯಾಲೆ ಕುಡಿಕೆ ಮಾತ್ರ ಎತ್ತಿ ಇಟ್ಕಣಾಕೆ ಹೇಳು. ಅವ್ರ ಮರ್ಯಾದೇನೂ ಉಳಿತು, ಇದರ ಜೀವನೂ ಉಳಿತು."

ಇಡೀ ಶಿಕ್ಷಣ ಇಲಾಖೆಗೆ ಹೊಳೆಯದ ಉಪಾಯ ಬಸ್ ಸ್ಟ್ಯಾಂಡ್ ಪಕ್ಕದಲ್ಲಿ ಹೊಳೆದಿತ್ತು. ಮುಬಾರಕ್ ಹಾರಾಡುವ ಮನಸ್ಸಿನಿಂದ ಬೈಕು ಹತ್ತಿದ. ಚೌಕದ ಕುಂಡಗಳು ಸಿಮೆಂಟಿನವು. ಓಬಳೇಶ್ ಮಾಸ್ತರು ಹಿಂದೆ ಕೂತು, ಕುಡಿಕೆಗಳನ್ನು ಅವುಗಳೊಳಗಿಟ್ಟು, ಅವಳಿ ಮಕ್ಕಳ ಹಾಗೆ ಎರಡನ್ನೂ ತೊಡೆಯ ಮೇಲೆ ಹಾಕಿಕೊಂಡರು. ಸಾಹೇಬರ ಹನ್ನೆರಡು ಇಂಚಿನದು ಮಣ್ಣಿನದು. ಪೆಟ್ರೋಲ್ ಟ್ಯಾಂಕಿನ ಮೇಲೆ, ಮುಬಾರಕ್‌ನ ಗಲ್ಲಕ್ಕೆ ತಾಗಿ ಕೂತಿತು. ಕುಂಡದ ಎಡಕ್ಕೆ ಅರ್ಧ ರಸ್ತೆ, ಬಲಕ್ಕೆ ಅರ್ಧ ರಸ್ತೆ ಕಾಣುತ್ತಿತ್ತು. ನಡುವಿನ ರಸ್ತೆಯನ್ನು ದೇವರಿಗೆ ಬಿಟ್ಟಿದ್ದ.

ಹಂಪು ಇದ್ದದ್ದು ನಡುವೆಯೇ.

ಬೈಕು ಒಮ್ಮೆ ಕುಪ್ಪಳಿಸಿತು. ಓಬಳೇಶ್ ಮಾಸ್ತರು ಅವಳಿಗಳನ್ನು ಬಿಡಲಿಲ್ಲ. ಸಾಹೇಬರ ಕುಂಡ ಮಾತ್ರ ಮೇಲೆದ್ದು, ಗಾಳಿಯಲ್ಲಿ ಒಂದು ಕ್ಷಣ ಯೋಚನೆ ಮಾಡಿ, ಡಾಂಬರಿನ ಮೇಲೆ ಕೂತಿತು. ಹನ್ನೆರಡು ಇಂಚು ಹನ್ನೆರಡು ಚೂರಾಯಿತು. ಗಾದ್ರಮ್ಮನ ಬಳಿ ಆ ಅಳತೆಯದು ಇದ್ದದ್ದೇ ಒಂದು.

"ಅಧ್ಯಕ್ಷರ ಕುಂಡಕ್ಕಿಂತ ಸಾಹೇಬ್ರ ಕುಂಡ ಸಣ್ಣದಾಗಂಗಿಲ್ಲ!" ಹೆಡ್‌ಮಾಸ್ತರು ಶಾಲೆಯ ವರಾಂಡದಲ್ಲಿ ತಲೆ ಹಿಡಿದುಕೊಂಡು ಅತ್ತಿಂದಿತ್ತ ಓಡಾಡಿದರು. ಗಂಟೆ ಎರಡಾಗಿತ್ತು. ಮಕ್ಕಳ ಊಟ ಮುಗಿದು ಸಾವಂತ್ರಮ್ಮ ಪಾತ್ರೆ ತೊಳೆದು ಬಿಸಿಲಿಗೆ ಬೋರಲು ಹಾಕಿದ್ದಳು. ಹೆಡ್‌ಮಾಸ್ತರ ಕಾಲು ತಟ್ಟನೆ ನಿಂತಿತು. ಅವರ ಕಣ್ಣು ಹೋದ ಕಡೆಗೆ ಓಬಳೇಶ್ ಮಾಸ್ತರ ಕಣ್ಣೂ ಹೋಯಿತು. ಆಮೇಲೆ ಸಾವಂತ್ರಮ್ಮನ ಕಣ್ಣೂ.

"ಯಪ್ಪಾ! ಸಾಂಬಾರಿನ ಬಕೀಟು ಮುಟ್ಟಿದ್ರೆ ನೋಡ್ರಿ ಮತ್ತೆ! ನಾಳೆ ಹುಡುಗ್ರಿಗೆ ಯಾತರಾಗೆ ಬಡಿಸ್ಲಿ?"

"ಎರಡು ತಾಸು ಕಣಮ್ಮ. ತೊಳೆದು ಕೊಡ್ತೀವಿ."

"ಮಣ್ಣು ತುಂಬ್ತೀರೇನ್ರೀ ಅನ್ನದ ಪಾತ್ರೆಗೆ?"

ಹದಿಮೂರು ಇಂಚಿನ ಸ್ಟೀಲು ಬಕೆಟ್ಟು. ಹೊಟ್ಟೆಯ ಮೇಲೆ ಕೆಂಪು ಬಣ್ಣದಲ್ಲಿ 'ಬಿಸಿಯೂಟ' ಎಂದು ಬರೆದಿತ್ತು. ಓಬಳೇಶ್ ಮಾಸ್ತರು ಅದರ ಸುತ್ತ ಬಂಗಾರದ ಬಣ್ಣದ ಕಾಗದ ಸುತ್ತಿ ಅಂಟು ಹಚ್ಚಿದರು. ಮುಬಾರಕ್ ಕೈತೋಟದ ಮಣ್ಣು ತುಂಬಿ, ನಡುವೆ ಕುಡಿಕೆ ಹೂತು, ಕುಡಿಕೆಯೊಳಗೆ ಹುರಿಗಡಲೆಯಂಥ ಗಿಡ ಇಟ್ಟ. ಅಧ್ಯಕ್ಷರ ಮತ್ತು ಕೊಟ್ರೇಶರ ಸಿಮೆಂಟು ಚೌಕಗಳಿಗೂ ಅದೇ ಶುಶ್ರೂಷೆ ಆಯಿತು. ಎದ್ದು ನಿಂತು ನೋಡಿದರೆ ಮೂರು ಪಾತ್ರೆ ಮಣ್ಣಲ್ಲದೆ ಬೇರೇನೂ ಕಾಣುತ್ತಿರಲಿಲ್ಲ.

ಮೂರೂಕಾಲಿಗೆ ಸಾಹೇಬರು ಬಂದರು. ಎತ್ತರದ, ತೆಳ್ಳಗಿನ ಮನುಷ್ಯ. ಮಾತಾಡುವಾಗಲೂ ಅಲುಗದಂಥ ಮೀಸೆ. ಕೊಟ್ರೇಶ್ ಬೀಗದ ಕೈ ತಂದಿದ್ದರು, ಕಪಾಟು ತೆರೆಯಿತು, ರಿಬ್ಬನ್ ಕತ್ತರಿಸಿದ್ದಾಯಿತು. ಶಾಮಿಯಾನದ ಕೆಳಗೆ ಊರ ತಂದೆ ತಾಯಂದಿರು ಕಿಕ್ಕಿರಿದಿದ್ದರು. ಮುಬಾರಕ್ ವೇದಿಕೆಯ ಪಕ್ಕ ನಿಂತು ಜೇಬಿನ ಅರ್ಜಿಯನ್ನು ಆಗಾಗ ಮುಟ್ಟಿ ನೋಡಿಕೊಳ್ಳುತ್ತಿದ್ದ.

"ಈಗ ಮಾನ್ಯ ಸಾಹೇಬರಿಗೆ ಹಸಿರು ಕಾಣಿಕೆ!" ಎಂದು ಹೆಡ್‌ಮಾಸ್ತರು ಮೈಕಿನಲ್ಲಿ ಸಾರಿದರು.

ಓಬಳೇಶ್ ಮಾಸ್ತರು ಹಲ್ಲು ಕಚ್ಚಿ ಬಕೆಟ್ಟು ಎತ್ತಿ ತಂದರು. ಸಾಹೇಬರು ಎರಡೂ ಕೈ ಚಾಚಿದರು. ತೂಕ ಎಷ್ಟಿದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಕೈಗೆ ಬಂದ ಕೂಡಲೇ ಅವರ ಮೊಣಕಾಲು ಎರಡೂ ಒಟ್ಟಿಗೆ ಮಡಿಸಿಕೊಂಡವು. ಸದ್ಯ ಹಿಂದೆ ಕುರ್ಚಿ ಇತ್ತು. ತೊಡೆಯ ಮೇಲೆ ಬಕೆಟ್ಟು ಇಟ್ಟುಕೊಂಡು ಕೂತು, ಒಳಗೆ ಇಣುಕಿದರು.

ಜನರಿಗೂ ಮಣ್ಣಷ್ಟೇ ಕಂಡಿತು. ಮುಂದಿನ ಸಾಲಿನ ಒಬ್ಬ ಅಜ್ಜ ಗಾಬರಿಯಿಂದ ಎದ್ದು ನಿಂತ. "ಲೇ ಲೇ, ಬದುಕಿರೋ ಮನುಷ್ಯಂಗೆ ಮಣ್ಣು ಕೊಡಾಕ್ ಹತ್ಯಾರಲ್ರೋ!"

ಶಾಮಿಯಾನ ಹಾರಿಹೋಗುವಂಥ ನಗು. ಸಾಹೇಬರ ಮೀಸೆ ಅಲುಗಲಿಲ್ಲ. "ಇದರಾಗೆ ಗಿಡ ಎಲ್ಲೈತೆ ಹೆಡ್‌ಮಾಸ್ತರೆ?"

ಹೆಡ್‌ಮಾಸ್ತರು ಬಗ್ಗಿ ನೋಡಿದರು. ಅವರಿಗೂ ಕಾಣಲಿಲ್ಲ. "ಐತೆ ಸಾರ್... ಬೆಳಿಗ್ಗೆ ಇತ್ತು... ಮುಬಾರಕ್!"

ಮುಬಾರಕ್ ಮೆಟ್ಟಿಲು ಹತ್ತಿದ. ಜಗಳೂರು ಒಂದೊಂದು ಮೆಟ್ಟಿಲಿಗೂ ಹತ್ತತ್ತು ಮೈಲಿ ದೂರ ಸರಿಯುತ್ತಿತ್ತು. ಅಷ್ಟರಲ್ಲಿ ಬಕೆಟ್ಟಿನ ಅಂಚಿನಿಂದ ಇಳಿದ ಕೆಸರು ನೀರಿಗೆ ಬಂಗಾರದ ಕಾಗದ ನೆನೆದು, ಪರ್ರನೆ ಹರಿದು ಕೆಳಗೆ ಬಿತ್ತು. ಸಾಹೇಬರ ತೊಡೆಯ ಮೇಲೆ ಕೆಂಪಕ್ಷರದಲ್ಲಿ 'ಬಿಸಿಯೂಟ' ಎಂದು ಇಡೀ ಸಭೆ ಓದಿತು. ಹಿಂದಿನಿಂದ ಸಾವಂತ್ರಮ್ಮನ ಗಂಟಲು ಕೇಳಿಸಿತು: "ಬಕೀಟು ಜ್ವಾಕೆ ಸಾಹೇಬ್ರೆ! ನಾಳೆ ಸಾಂಬಾರಿಗೆ ಬೇಕು!"

ಇನ್ನು ಕಳೆದುಕೊಳ್ಳುವುದಕ್ಕೆ ಏನೂ ಉಳಿಯದಾಗ ಮನುಷ್ಯನಿಗೆ ಒಂದು ಧೈರ್ಯ ಬರುತ್ತದೆ. ಮುಬಾರಕ್ ಬಕೆಟ್ಟಿಗೆ ಕೈ ಹಾಕಿ ಕುಡಿಕೆಯನ್ನು ಮೆಲ್ಲನೆ ಎತ್ತಿ, ಅಂಟಿದ ಮಣ್ಣನ್ನು ಅಂಗಿಯ ತೋಳಿನಿಂದ ಒರೆಸಿ, ಸಾಹೇಬರ ಅಂಗೈ ಮೇಲೆ ಇಟ್ಟ.

"ಸಾರ್, ಇದು ನಿಮ್ದು. ಬಕೆಟ್ಟು ಮಕ್ಕಳ್ದು."

ಸಾಹೇಬರು ಕುಡಿಕೆಯನ್ನು ಕಣ್ಣಿನ ಹತ್ತಿರ ತಂದರು. "ಸಕ್ಯುಲೆಂಟ್ ಅಲ್ವಾ ಇದು?"

ಆ ಹೆಸರು ಸಾಹೇಬರ ಬಾಯಲ್ಲಿ ಕೇಳಿ ಮುಬಾರಕ್‌ಗೆ ಉಸಿರು ಬಂತು. "ಹೌದು ಸಾರ್. ಬೀಜದಿಂದ ಬೆಳೆಸಿದ್ದು. ಹನ್ನೊಂದು ತಿಂಗಳು ಆತು."

"ಬೀಜದಿಂದ! ಅಲ್ರೀ, ಇಷ್ಟು ಸಣ್ಣ ಕುಡಿಕೆ ಯಾಕೆ?"

ಮುಬಾರಕ್ ಅರ್ಷಿಯಾಳ ಪಾಠವನ್ನೂ ಗಾದ್ರಮ್ಮನ ಪಾಠವನ್ನೂ ಕಲಸಿ ಒಪ್ಪಿಸಿದ. ಒಂದು ಬೆರಳು ಅಗಲ, ಗಿಡ್ಡ ಹೊಟ್ಟೆ, ತಳಕ್ಕೆ ತೂತು, ದೊಡ್ಡದರಲ್ಲಿ ನೀರು ನಿಂತು ಬೇರು ಕೊಳೆಯುವುದು. ಕೇಳುತ್ತ ಕೇಳುತ್ತ ಸಾಹೇಬರ ಮೀಸೆ ಮೊದಲ ಸಲ ಅಲುಗಿತು. ಅವರು ಮೈಕನ್ನು ಹತ್ತಿರ ಎಳೆದುಕೊಂಡರು.

"ನಮ್ಮ ಮನೆಯಾಗೆ ಹದಿನಾಲ್ಕು ಗಿಡ ಸತ್ವು ಕಣ್ರೀ! ಒಳ್ಳೊಳ್ಳೆ ಪಿಂಗಾಣಿ ಕುಂಡ, ಬಿಂದಿಗೆ ಗಾತ್ರದವು. ನಾನು ನಮ್ಮನೆಯೋರಿಗೆ ಬೈತಿದ್ದೆ, ಅವ್ರು ನಂಗೆ ಬೈತಿದ್ರು. ತಪ್ಪು ಕುಂಡದ್ದು ಅಂತ ಇವತ್ತು ಗೊತ್ತಾತು ನೋಡ್ರಿ. ಏನ್ರೀ ನಿಮ್ಮ ಹೆಸರು?"

"ಮುಬಾರಕ್ ಸಾರ್."

"ಮುಬಾರಕ್! ಮುಬಾರಕ್!" ಎಂದು ಸಾಹೇಬರು ಕೈ ಕುಲುಕಿದರು. ಹೆಸರು ಹಿಡಿದು ಕರೆದರೋ, ಶುಭಾಶಯ ಹೇಳಿದರೋ ತಿಳಿಯದೆ ಸಭೆ ಎರಡಕ್ಕೂ ಚಪ್ಪಾಳೆ ತಟ್ಟಿತು.

ಇದನ್ನು ಕಂಡ ಅಧ್ಯಕ್ಷರಿಗೆ ತಮ್ಮ ಮುಂದಿದ್ದ ಸಿಮೆಂಟು ಚೌಕ ಇದ್ದಕ್ಕಿದ್ದಂತೆ ದನದ ಬಾನಿಯಂತೆ ಕಂಡಿತು. ಅವರು ಮಣ್ಣಿಗೆ ಕೈ ಹಾಕಿ ಕುಡಿಕೆ ಕಿತ್ತು ಎದೆಯ ಮುಂದೆ ಹಿಡಿದರು. ಕೊಟ್ರೇಶರೂ ತಮ್ಮದನ್ನು ಕಿತ್ತರು. ಇಬ್ಬರೂ ಓರೆಗಣ್ಣಿನಿಂದ ಒಬ್ಬರ ಕುಡಿಕೆ ಒಬ್ಬರು ಅಳೆದರು.

"ಮುಬಾರಕ್ ಅವ್ರೆ," ಅಧ್ಯಕ್ಷರು ಪಿಸುಗುಟ್ಟಿದರು, "ನಂದು ಕೊಟ್ರೇಶಂದಕ್ಕಿಂತ ಒಂಚೂರು ದೊಡ್ಡದಿದ್ದಂಗೈತೆ. ಸಣ್ದು ಇಲ್ವಾ?"

ಹೆಡ್‌ಮಾಸ್ತರು ಹುಬ್ಬು ಹಾರಿಸಿ ಸನ್ನೆ ಮಾಡಿದರು. ಇದೇ ಹೊತ್ತು! ಮುಬಾರಕ್ ಅರ್ಜಿ ತೆಗೆದು ಎರಡೂ ಕೈಯಿಂದ ಚಾಚಿದ. ಸಾಹೇಬರು ಓದಿದರು. ಹೆಂಡತಿ ಜಗಳೂರಿನಲ್ಲಿ, ಗಂಡ ಇಲ್ಲಿ, ಎರಡು ವರ್ಷ. ತಲೆಯಾಡಿಸಿದರು. ಜೇಬಿನಿಂದ ಪೆನ್ನು ತೆಗೆದರು. ಬಕೆಟ್ಟಿನ ಅಂಚನ್ನೇ ಮೇಜು ಮಾಡಿಕೊಂಡು ಬರೆಯತೊಡಗಿದರು. ಒಂದು ಸಾಲು ಸಾಕಿತ್ತು. ಅವರು ನಾಲ್ಕು ಬರೆದರು. ಮುಬಾರಕ್‌ನ ಕಣ್ಣ ಮುಂದೆ ಜಗಳೂರಿನ ಮನೆಯ ಅಡುಗೆಮನೆ, ಅದರ ಕಿಟಕಿ, ಕಿಟಕಿಯಲ್ಲಿ ಸಾಲಾಗಿ ನಾಲ್ಕು ಕುಡಿಕೆ ಬಂದು ನಿಂತವು. ಸೋಮವಾರ, ಮಂಗಳವಾರ, ಬುಧವಾರ ಎಂಬ ದಿನಗಳಲ್ಲೂ ಅರ್ಷಿಯಾಳ ಮುಖ ನೋಡಬಹುದು!

"ಓದ್ರಿ, ಎಲ್ಲರಿಗೂ ಕೇಳ್ಲಿ" ಎಂದು ಸಾಹೇಬರು ಕಾಗದವನ್ನು ಹೆಡ್‌ಮಾಸ್ತರಿಗೆ ಕೊಟ್ಟರು.

ಹೆಡ್‌ಮಾಸ್ತರು ಗಂಟಲು ಸರಿ ಮಾಡಿಕೊಂಡರು. "ಅರ್ಜಿದಾರರ ಗಿಡ ಬೆಳೆಸುವ ಜ್ಞಾನ, ತಾಳ್ಮೆ ಅಪರೂಪದ್ದು. ಇವರ ಉಸ್ತುವಾರಿಯಲ್ಲಿ ಈ ಶಾಲೆಯಲ್ಲಿ ಮಾದರಿ ಸಸ್ಯತೋಟ ಮಾಡಿಸತಕ್ಕದ್ದು. ಆದ್ದರಿಂದ..." ಅವರ ದನಿ ಕೊಂಚ ತೊದಲಿತು. "ಆದ್ದರಿಂದ ಮುಂದಿನ ಮೂರು ವರ್ಷ ಇವರನ್ನು ಇಲ್ಲಿಂದ ಕದಲಿಸತಕ್ಕದ್ದಲ್ಲ."

ಚಪ್ಪಾಳೆ ಎರಡು ನಿಮಿಷ ನಿಲ್ಲಲಿಲ್ಲ. ಎಲ್ಲರಿಗಿಂತ ಜೋರಾಗಿ ತಟ್ಟಿದವರು ಅಧ್ಯಕ್ಷರು.

"ಬೇರೆ ಯಾರೇ ಆಗಿದ್ರೆ ಕಣ್ಮುಚ್ಚಿ ಜಗಳೂರಿಗೆ ಕಳಿಸ್ತಿದ್ದೆ" ಎಂದು ಸಾಹೇಬರು ಮುಬಾರಕ್‌ನ ಬೆನ್ನು ತಟ್ಟಿದರು. "ನಿಮ್ಮಂಥೋರ್ನ ಕಳಕಂಡ್ರೆ ಶಾಲೆ ಗತಿ ಏನು? ಭಾನುವಾರ ಭಾನುವಾರ ಹೋಗಿ ಬರ್ರಿ. ಬಸ್ಸು ಅದಾವಲ್ಲ!" ಆಮೇಲೆ ಕುಡಿಕೆಯನ್ನು ಕರ್ಚೀಫಿನಲ್ಲಿ ಸುತ್ತಿ, ಜೀಪಿನ ಮುಂದಿನ ಸೀಟಿನಲ್ಲಿ ತೊಡೆಯ ಮೇಲಿಟ್ಟುಕೊಂಡು, ಡ್ರೈವರನಿಗೆ ನಿಧಾನ ಹೋಗೆಂದು ಹೇಳಿ ಹೊರಟರು.

ಸಂಜೆ ಐದೂವರೆಗೆ ಶಾಮಿಯಾನ ಬಿಚ್ಚುತ್ತಿದ್ದಾಗ ಮುಬಾರಕ್ ವರಾಂಡದ ಮೆಟ್ಟಿಲ ಮೇಲೆ ಕೂತು ಅರ್ಷಿಯಾಳಿಗೆ ಫೋನು ಮಾಡಿದ. ಪಕ್ಕದಲ್ಲಿ ಮಿಠಾಯಿ ಮುಚ್ಚಳ. ಅದರಲ್ಲಿ ಈಗ ಕೈಕಾಲು ಚಾಚುವಷ್ಟು ಜಾಗವಿತ್ತು. ಒಂದನ್ನೂ ಬಿಡದೆ ಹೇಳಿದ. ಕೊನೆಗೆ ಸಾಹೇಬರ ನಾಲ್ಕು ಸಾಲನ್ನೂ ಓದಿ ಒಪ್ಪಿಸಿದ.

ಆ ಕಡೆಯಿಂದ ಬಿಕ್ಕಿದಂಥ ಸದ್ದು ಬಂತು. ಅಳುತ್ತಿದ್ದಾಳೇನೋ ಎಂದು ಮುಬಾರಕ್ ಫೋನನ್ನು ಕಿವಿಗೆ ಒತ್ತಿಕೊಂಡ. ಅಳುವಲ್ಲ. ಅವಳು ಬಾಯಿಗೆ ದುಪ್ಪಟ್ಟಾ ಒತ್ತಿಕೊಂಡು ನಗುತ್ತಿದ್ದಳು. ತಡೆಯಲಾಗದೆ ಜೋರಾಗಿಯೇ ನಕ್ಕಳು. "ಸಾಹೇಬ್ರ ತೊಡೆ ಮ್ಯಾಲೆ ಬಿಸಿಯೂಟನಾ? ಯಾ ಅಲ್ಲಾ!" ಅವಳ ನಗು ಕೇಳಿ ಕೇಳಿ, ಯಾಕೆ ಎಂದು ತಿಳಿಯದಿದ್ದರೂ ಮುಬಾರಕ್‌ಗೂ ನಗು ಬಂತು.

"ಹೋಗ್ಲಿ ಬಿಡ್ರಿ" ಎಂದಳು ನಗು ನಿಂತ ಮೇಲೆ. "ಮುಂದಿನ ತಿಂಗಳು ನಮ್ಮ ನರ್ಸುಗಳ ಟ್ರಾನ್ಸ್‌ಫರ್ ಐತೆ. ಹೊನ್ನಾಳಿನಾಗೆ ಎರಡು ಜಾಗ ಖಾಲಿ ಅದಾವಂತೆ. ನೀವು ಇಲ್ಲಿಗೆ ಬರ್ತೀರಿ ಅಂತ ನಾನು ಅರ್ಜಿ ಹಾಕಿರ್ಲಿಲ್ಲ. ನಾಳೆನೇ ಹಾಕ್ತೀನಿ. ನನ್ನ ಸೀನಿಯಾರಿಟಿಗೆ ಸಿಕ್ಕೇ ಸಿಗ್ತೈತೆ, ಇನ್ಷಾ ಅಲ್ಲಾ."

ಮುಬಾರಕ್ ಎದ್ದು ನಿಂತ. ಹೊನ್ನಾಳಿ! ಇಳಿದು ಹತ್ತುವ ಕೆಲಸವೇ ಇಲ್ಲ. ಬೈಕಿನಲ್ಲಿ ಹೋಗಿ ಬರುವ ದೂರ.

"ಆದ್ರೆ ಒಂದು ಮಾತು ಕೇಳ್ರಿ" ಅರ್ಷಿಯಾಳ ದನಿ ಗಂಭೀರವಾಯಿತು. "ಎಷ್ಟು ಗಿಡ ಉಳಿದಾವೆ?"

"ನಾಲ್ಕು."

"ನಂಗೆ ಆರ್ಡರ್ ಕೈಗೆ ಬರೋ ತನಕ ಅವನ್ನ ಮಂಚದ ಕೆಳಗಾದ್ರೂ ಬಚ್ಚಿಡ್ರಿ. ನಮ್ಮ ಆರೋಗ್ಯ ಇಲಾಖೆ ಸಾಹೇಬ್ರು ಯಾರಾದ್ರೂ ಆ ಕಡೆ ಬಂದ್ರೆ, ಚಹಾ ಕೊಡ್ರಿ, ಮಂಡಕ್ಕಿ ಮಿರ್ಚಿ ಕೊಡ್ರಿ. ನಿಮ್ಮ ಕಾಲಿಗೆ ಬೀಳ್ತೀನಿ, ಗಿಡ ಮಾತ್ರ ತೋರಿಸಬ್ಯಾಡ್ರಿ!"